ಬೆನ್ನಿಗೆ ಮಣ್ಣು ತಾಗದೆ ಸೋತವನ ಚಡ್ಡಿಯ ವಿಚಾರ

ಹುಣಸೂರಿನ ವಿಕಾಸ ಸಪ್ತಾಹದಲ್ಲಿ ಗಂಡಸರ ಚಡ್ಡಿಗೆ ಅಂಕ ಹಾಕಿದ ಉಡುಪು ಶಿಸ್ತು ಉಪಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಮ್ಮ ಹಾರನಹಳ್ಳಿ ಗರಡಿಯ ಪೈಲ್ವಾನ ಚಿಕ್ಕಬೀರಯ್ಯ ನೀವು ಕೊಟ್ಟ ಚಡ್ಡಿಯನ್ನು, ನೀವು ಹೇಳಿದ ರೀತಿಯಲ್ಲೇ ತೊಟ್ಟು ಅಖಾಡಕ್ಕೆ ಇಳಿದ. ಕುಸ್ತಿಯ ನಡುವೆ ಆ ಚಡ್ಡಿಯ ಲಾಡಿ ಬಿಚ್ಚಿಕೊಂಡಿತು. ಅವನು ಎರಡೂ ಕೈಯಿಂದ ಮಾನ ಹಿಡಿದುಕೊಂಡು ಕುಳಿತ. ನೀವು ಸೀಟಿ ಊದಿ ಅವನು ಸೋತನೆಂದಿರಿ. ಅದೂ ಸಾಲದೆಂದು, ಸಭ್ಯತೆಗೆ ಭಂಗ ತಂದವನು ಒಂದು ವರ್ಷ ಈ ನಾಲ್ಕು ತಾಲ್ಲೂಕಿನ ಯಾವ ಅಖಾಡಕ್ಕೂ ಇಳಿಯಕೂಡದೆಂದು ಧ್ವನಿವರ್ಧಕದಲ್ಲಿ ಸಾರಿದಿರಿ. ಚಡ್ಡಿ ನಿಮ್ಮದು, ಲಾಡಿ ನಿಮ್ಮದು, ಸೀಟಿ ನಿಮ್ಮದು. ಸೋಲು ಮಾತ್ರ ಅವನದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕೇಳಿದ್ದೆ. ಎತ್ತಿಗೆ ಜ್ವರ ಬರಿಸಿದವರೇ ಬರೆ ಹಾಕಲೂ ಬಂದದ್ದನ್ನು ಈಗ ಕಂಡೆ.

ಪತ್ರಿಕೆಯಲ್ಲಿ ಹೀಗೆ ಬರೆಯುವ ನಾನು ಯಾರು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಾರನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗುರುಮಲ್ಲಪ್ಪ. ನನ್ನಪ್ಪನೂ ಇದೇ ಅಂಗಡಿಯಲ್ಲಿ ಕುಳಿತಿದ್ದವರು. ಪಿರಿಯಾಪಟ್ಟಣ ತಾಲ್ಲೂಕಿನ ಅರ್ಧ ಗಂಡಸರ ಪಟಾಪಟಿ ಚಡ್ಡಿಯ ಬಟ್ಟೆ ನನ್ನ ಕೈಯಿಂದಲೇ ಹರಿದು ಹೋದದ್ದು. "ಇವನ ಅಂಗಡಿಯ ಬಟ್ಟೆ ಬಿಟ್ಟು ಪಟ್ಟಣದ ಕಂಟ್ರಾಕ್ಟರನ ಚಡ್ಡಿ ತೆಗೆದುಕೊಂಡೆವಲ್ಲ, ಅದರ ಹೊಟ್ಟೆಕಿಚ್ಚು" ಎಂದು ನೀವು ಕಚೇರಿಯಲ್ಲಿ ನಕ್ಕಿರಂತೆ. ಹೌದು ಸ್ವಾಮಿ, ಅದೂ ಸ್ವಲ್ಪ ಇದೆ. ಆದರೆ ವ್ಯಾಪಾರಿಗೆ ಹೊಟ್ಟೆಕಿಚ್ಚು ಇದ್ದರೆ ಬಿಚ್ಚಿದ ಲಾಡಿ ಬಿಗಿಯಾಗುತ್ತದೆಯೇ?

ಹೊಸದನ್ನು ಕಂಡರೆ ಮುಖ ಸಿಂಡರಿಸುವ ಜಾತಿಯವನೂ ನಾನಲ್ಲ. ಕಾಸು ಹೋಗಿ ನಯಾಪೈಸೆ ಬಂತು, ಲೆಕ್ಕ ತಪ್ಪಿ ತಪ್ಪಿ ಕಲಿತೆವು. ಗಜ ಹೋಗಿ ಮೀಟರು ಬರುತ್ತದಂತೆ, ಬರಲಿ. ಸಪ್ತಾಹದವರು ಮಾದರಿ ಗೊಬ್ಬರದ ಗುಂಡಿ ತೋರಿಸಿದರು, ಮಾದರಿ ಕೋಳಿಗೂಡು ತೋರಿಸಿದರು, ಹೊಗೆಯಿಲ್ಲದ ಮಾದರಿ ಒಲೆಯನ್ನೂ ಹಚ್ಚಿ ತೋರಿಸಿದರು. ಆ ಒಲೆಯ ಹೊಗೆಗೆ ಕಣ್ಣೀರು ಸುರಿಸುತ್ತಲೇ ಚಪ್ಪಾಳೆ ತಟ್ಟಿದವರು ನಾವು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ನಿಮ್ಮ ಸಪ್ತಾಹ ಮುಟ್ಟದೆ ಉಳಿದಿದ್ದ ಸೊಪ್ಪು ಗಂಡಸಿನ ಸೊಂಟದ ಕೆಳಗೆ ಮಾತ್ರ ಇತ್ತು. ಅದನ್ನೂ ಬಿಡಲಿಲ್ಲ ನೀವು.

ಕುಸ್ತಿಯ ದಿನ ಹುಣಸೂರಿಗೆ ದೊಡ್ಡ ಮನುಷ್ಯರು, ಅವರ ಮನೆಯ ಹೆಂಗಸರು ಬರುತ್ತಾರೆ, ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಪೈಲ್ವಾನರ ಕಾಚ ಅವರ ಕಣ್ಣಿಗೆ ಬೀಳಕೂಡದು ಎಂದು ನಿಮಗೆ ಅನಿಸಿತು. ಕಾಚವೆಂದರೆ ದಪ್ಪ ಬಟ್ಟೆಯಲ್ಲಿ ಹೊಲಿದ, ತೊಡೆಯ ಬುಡಕ್ಕೆ ಕಚ್ಚಿ ನಿಲ್ಲುವ ತುಂಡು ಚಡ್ಡಿ. ಅದರ ಒಳಗೆ ಬಿಗಿಯಾಗಿ ಲಂಗೋಟಿ. ನಮ್ಮ ಕಡೆ ಎದುರಾಳಿಯ ಕಾಚದ ಪಟ್ಟಿಗೆ ಕೈಹಾಕಿ ಎತ್ತುವುದು ಮಾಮೂಲಿ ಪಟ್ಟು. ಆದ್ದರಿಂದಲೇ ಕಾಚವನ್ನು ಇಬ್ಬರು ಹಿಡಿದು ಎಳೆದರೂ ಹರಿಯದ ಹಾಗೆ ಹೊಲಿಯುತ್ತಾರೆ, ಮೂರನೆಯವನು ಬಂದರೂ ಬಿಚ್ಚದ ಹಾಗೆ ಕಟ್ಟುತ್ತಾರೆ. ಅದಕ್ಕೆ ಅಂದವಿಲ್ಲ, ನಿಜ. ನೇಗಿಲಿಗೆ ಯಾವ ಅಂದವಿದೆ? ನೀವು ಅದನ್ನು ಕಂಡು "ಅನಾಗರಿಕ" ಎಂದಿರಿ. ಮೊಣಕಾಲಿನವರೆಗೆ ಬರುವ, ಗಂಜಿ ಹಾಕಿ ಇಸ್ತ್ರಿ ಮಾಡಿದ, ಅಗಲ ಕಾಲಿನ ಬಿಳಿಯ ಚಡ್ಡಿಯನ್ನು ಎಲ್ಲ ಪೈಲ್ವಾನರಿಗೂ ಹೊಲಿಸಿದಿರಿ. ಅಳತೆ, ಆರಾಮ, ಅಂದ, ಈ ಮೂರಕ್ಕೂ ಅಂಕ ಹಾಕುತ್ತೇವೆ, ಆ ಅಂಕವನ್ನು ಕುಸ್ತಿಯ ಅಂಕಕ್ಕೆ ಕೂಡಿಸುತ್ತೇವೆ ಎಂದು ನಿಯಮ ಮಾಡಿದಿರಿ. ಇಬ್ಬರು ಗಂಡಸರು ಮಣ್ಣಿನಲ್ಲಿ ಉರುಳಾಡುವುದು ಬಲ ನೋಡಲೋ, ಬಟ್ಟೆ ನೋಡಲೋ? ಬಟ್ಟೆ ನೋಡುವುದಕ್ಕೇ ಆದರೆ ನನ್ನ ಅಂಗಡಿಗೆ ಬರಬಹುದಾಗಿತ್ತು. ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದೆ.

ಅಳತೆಯ ವಿಚಾರವನ್ನು ಮೊದಲು ತೆಗೆದುಕೊಳ್ಳೋಣ. ಒಬ್ಬನ ಸೊಂಟವನ್ನೂ ಅಳೆಯದೆ ಇಷ್ಟು ಚಡ್ಡಿ ಹೇಗೆ ಹೊಲಿಸಿದಿರಿ ಎಂದು ನಮ್ಮ ಗರಡಿಯ ಉಸ್ತಾದ್ ನಂಜಣ್ಣನವರು ಕೇಳಿದಾಗ ನೀವು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ. "ನಾಲ್ಕು ತಾಲ್ಲೂಕಿನ ಸರಾಸರಿ ತೆಗೆದಿದ್ದೇವೆ, ಯಾರಿಗೂ ಅನ್ಯಾಯವಾಗುವುದಿಲ್ಲ" ಎಂದಿರಿ. ಆಹಾ! ಆ ಸರಾಸರಿ ಸೊಂಟದ ಪುಣ್ಯಾತ್ಮ ಯಾವ ಊರಿನವನು, ಸ್ವಾಮಿ? ಹುಣಸೂರಿನವನೇ, ಕೃಷ್ಣರಾಜನಗರದವನೇ? ಅವನನ್ನು ಒಮ್ಮೆ ಕರೆತನ್ನಿ, ಹಾರ ಹಾಕುತ್ತೇವೆ. ಹೆಗ್ಗಡದೇವನಕೋಟೆಯಿಂದ ಬಂದಿದ್ದ ಜವರಯ್ಯನ ತೊಡೆ ಆ ಚಡ್ಡಿಯೊಳಗೆ ಇಳಿಯಬೇಕಾದರೆ ಇಬ್ಬರು ಹಿಡಿದು ಎಳೆಯಬೇಕಾಯಿತು. ನಮ್ಮ ಚಿಕ್ಕಬೀರಯ್ಯನದು ಎದೆ ಅಗಲ, ಸೊಂಟ ಸಣ್ಣ. ಅವನ ಚಡ್ಡಿಯಲ್ಲಿ ಇನ್ನೊಬ್ಬನನ್ನು ಬಾಡಿಗೆಗೆ ಇಡಬಹುದಾಗಿತ್ತು.

ಕುಸ್ತಿಯ ಹಿಂದಿನ ದಿನ ಹುಣಸೂರಿನ ಬಂಗಲೆಯ ಜಗಲಿಯಲ್ಲಿ ನೀವು ನಡೆಸಿದ ತಪಾಸಣೆಗೆ ನಾನೂ ಉಸ್ತಾದರ ಜೊತೆ ಬಂದಿದ್ದೆ. ಊರೂರಿನ ಗಟ್ಟಿ ಆಳುಗಳನ್ನು ಸಾಲಾಗಿ ನಿಲ್ಲಿಸಿ, ನೀವು ಬೆತ್ತದ ಕುರ್ಚಿಯಲ್ಲಿ ಕುಳಿತು, "ತಿರುಗಿ", "ಹಿಂದೆ ತೋರಿಸಿ", "ಒಂದು ಹೆಜ್ಜೆ ಮುಂದೆ" ಎಂದು ಹೇಳುತ್ತಿದ್ದಿರಿ. ದನದ ಸಂತೆಯಲ್ಲಿ ಎತ್ತು ಕೊಳ್ಳುವವನೂ ಹಲ್ಲು ನೋಡಿ, ಗೊರಸು ನೋಡಿ, ಹೆಗಲು ಮುಟ್ಟಿ ನೋಡುತ್ತಾನೆ. ಎತ್ತಿನ ಜೂಲು ಇಸ್ತ್ರಿಯಾಗಿದೆಯೇ ಎಂದು ನೋಡುವುದಿಲ್ಲ. ಜವರಯ್ಯ ನಿಮಗೆ ತೋರಿಸಲೆಂದೇ ಒಂದು ಬಸ್ಕಿ ಹೊಡೆದ. ಚಡ್ಡಿಯ ಹಿಂಭಾಗ ಪರ್‍ರೆಂದು ಸೀಳಿತು. ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಬಸ್ಕಿ ಯಾಕೆ ಹೊಡೆದಿರಿ? ನಿಂತಾಗ ಚೆನ್ನಾಗಿಯೇ ಇತ್ತಲ್ಲ!" ಎಂದಿರಿ. ಜವರಯ್ಯ ಕೈಮುಗಿದು, "ಸೋಮಿ, ನಾಳೀಕೆ ನಿಂತ್ಕಂಡೇ ಕುಸ್ತಿ ಆಡ್ಬೇಕಾ?" ಅಂದ. ಅವನಿಗೆ ಅಂದದಲ್ಲಿ ಅಂಕ ಕಳೆದಿರಿ.

ಆಮೇಲೆ ಆರಾಮಕ್ಕೆ ಬಂದಿರಿ. ಒಬ್ಬ ಗಂಡಸು ತೊಟ್ಟ ಚಡ್ಡಿ ಅವನಿಗೆ ಆರಾಮವಾಗಿದೆಯೋ ಇಲ್ಲವೋ ಎಂಬುದನ್ನು ಕುರ್ಚಿಯಲ್ಲಿ ಕುಳಿತು ಕಣ್ಣಿನಿಂದ ಕಂಡುಹಿಡಿಯುವ ವಿದ್ಯೆ ನಿಮಗೆ ಯಾವ ಗುರು ಹೇಳಿಕೊಟ್ಟ? ನನ್ನ ಮನೆಯ ವಿಚಾರವನ್ನೇ ಹೇಳುತ್ತೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಎರಡು ವರ್ಷದ ಕೆಳಗೆ ಮೈಸೂರಿನಲ್ಲಿ ಒಬ್ಬ ಅಂಗಡಿಯವ, "ಯಜಮಾನರೇ, ಲಾಡಿಯ ಕಾಲ ಹೋಯಿತು, ಇದು ಎಲಾಸ್ಟಿಕ್, ತೊಟ್ಟದ್ದೇ ಗೊತ್ತಾಗುವುದಿಲ್ಲ" ಎಂದು ಗಿಡ್ಡ ಚಡ್ಡಿಯೊಂದನ್ನು ನನಗೆ ಕಟ್ಟಿದ. ವ್ಯಾಪಾರಿಯಾದ ನಾನೇ ಇನ್ನೊಬ್ಬ ವ್ಯಾಪಾರಿಯ ಮಾತಿಗೆ ಮರುಳಾದೆ ನೋಡಿ. ಅದನ್ನು ತೊಟ್ಟು ಬಸ್ಸು ಹತ್ತಿದೆ. ಬಿಳಿಕೆರೆ ಬರುವಷ್ಟರಲ್ಲಿ ಸೊಂಟಕ್ಕೆ ಹಗ್ಗ ಬಿಗಿದ ಹಾಗಾಯಿತು. ಹುಣಸೂರು ಬರುವಷ್ಟರಲ್ಲಿ ಸೀಟಿದ್ದರೂ ಎದ್ದು ನಿಂತೆ. ಪಕ್ಕದವರು "ಕೂತ್ಕಳಿ ಸಾವ್ಕಾರ್ರೇ" ಎಂದು ಉಪಚಾರ ಮಾಡುತ್ತಾರೆ, ನಾನು "ಪರವಾಗಿಲ್ಲ, ಗಾಳಿ ಚೆನ್ನಾಗಿದೆ" ಎನ್ನುತ್ತೇನೆ. ಮನೆ ಬಾಗಿಲಿಗೆ ಬಂದಾಗ ನನ್ನ ಹೆಂಡತಿ ಸುಂದ್ರಮ್ಮ, "ಇದ್ಯಾಕ್ರೀ, ಮೊಟ್ಟೆ ಇಡೋ ಕೋಳಿ ಅಂಗೆ ನಡೀತಿದೀರಿ?" ಎಂದಳು. ಆ ದಿನ ಬಸ್ಸಿನಲ್ಲಿ ನನ್ನನ್ನು ಕಂಡವರೆಲ್ಲ ನನ್ನ ಬಿಳಿ ಪಂಚೆ, ಕೋಟು, ರುಮಾಲು ನೋಡಿ ಗೌರವದಿಂದ ಜಾಗ ಬಿಟ್ಟಿದ್ದರು. ಒಳಗಿನ ನರಕ ಯಾರಿಗೆ ಕಂಡಿತ್ತು?

ನೀವು ಅಂದು ಆರಾಮವನ್ನು ಪರೀಕ್ಷಿಸಿದ ಕ್ರಮವೆಂದರೆ, "ಏನಪ್ಪ, ಆರಾಮವಾಗಿದೆಯೇನು?" ಎಂದು ಕೇಳುವುದು. ಹಿಂದೆ ಡವಾಲಿ ಹಾಕಿಕೊಂಡ ಜವಾನ ನಿಂತಿರುವಾಗ, ಇಲ್ಲ ಎನ್ನುವ ಹಳ್ಳಿಯವನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಎಲ್ಲರೂ "ಐತೆ ಸೋಮಿ" ಎಂದರು. ಎಲ್ಲರಿಗೂ ಆರಾಮದಲ್ಲಿ ಪೂರ್ತಿ ಅಂಕ ಬಂತು. ನೋವಿನಿಂದ ಅತ್ತಿಂದಿತ್ತ ಕಾಲು ಬದಲಾಯಿಸುತ್ತಿದ್ದ ಜವರಯ್ಯನಿಗೂ ಬಂತು.

ಕಡೆಗೆ ಒಂದು ಮಾತು ಹೇಳಿದಿರಿ. ಆ ಮಾತೇ ಇಷ್ಟಕ್ಕೆಲ್ಲ ಮೂಲ. "ಒಳಗೆ ಯಾರೂ ಲಂಗೋಟಿ ಕಟ್ಟಕೂಡದು. ಗಂಟು ಉಬ್ಬಿಕೊಂಡು ಇಸ್ತ್ರಿ ಕೆಡುತ್ತದೆ, ಅಂದ ಹೋಗುತ್ತದೆ. ಒಪ್ಪಿಗೆಯೇ?" ಎಂದಿರಿ. ಎಲ್ಲರೂ ಒಪ್ಪಿಗೆಯೆಂದು ತಲೆ ಆಡಿಸಿದರು. ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಲ್ಲರೂ ಲಂಗೋಟಿ ಕಟ್ಟುವುದೆಂದು ತೀರ್ಮಾನಿಸಿದರು. ಸಾಹೇಬರ ಮುಂದೆ ತಲೆ ಆಡಿಸಿ ಹಿಂದೆ ತಮ್ಮ ಕೆಲಸ ತಾವು ಮಾಡಿಕೊಳ್ಳುವುದು ನಮ್ಮ ಜನ ಬಹಳ ಹಿಂದೆಯೇ ಕಲಿತ ಬುದ್ಧಿ. ಅದನ್ನು ಕಲಿಯದೆ ಉಳಿದ ಪೆದ್ದ ಒಬ್ಬನೇ ಒಬ್ಬ, ನಮ್ಮ ಚಿಕ್ಕಬೀರಯ್ಯ. ಅವತ್ತು ನೀವು, ಇನ್ನೊಬ್ಬನಿಗೂ ಜಾಗವಿದ್ದ ಆ ಚಡ್ಡಿಯಲ್ಲೇ, ಅವನನ್ನು ಮೂರರಲ್ಲೂ ಮೊದಲಿಗನೆಂದು ಸಾಲಿನಿಂದ ಮುಂದೆ ಕರೆದು, ಬೆನ್ನು ತಟ್ಟಿ, "ಇವರನ್ನು ನೋಡಿ ಕಲಿಯಿರಿ" ಎಂದಿದ್ದಿರಿ. ನೆನಪಿದೆಯೇ?

ಕುಸ್ತಿಯ ದಿನ ಬೆಳಿಗ್ಗೆ ಅವನ ತಾಯಿ ದೊಡ್ಡತಾಯಮ್ಮ ಹುಣಸೂರಿನ ಛತ್ರದಲ್ಲಿ ಮಗನಿಗೆ ರಾಗಿ ಅಂಬಲಿ ಕಲಸಿ ಕೊಡುತ್ತ ಹೇಳಿದ ಮಾತನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೇನೆ.

"ಲೇ ಬೀರಾ, ಒಳಗೆ ಲಂಗೋಟಿ ಕಟ್ಕಂಡೋಗ್ಲಾ. ಯಾರ್ ನೋಡಾಕ್ ಬತ್ತಾರೆ?"

"ಸಾಯೇಬ್ರು ಬ್ಯಾಡ ಅಂದವ್ರೆ ಕಣವ್ವ."

"ಅವ್ರು ಅಂದ್ರೆ ಅನ್ಲಿ ಬುಡು. ಕುಸ್ತಿ ಆಡೋನು ನೀನಾ, ಅವ್ರಾ?"

"ಊಂ ಅಂದಿವ್ನಿ ಕಣವ್ವ. ಎಲ್ರ ಮುಂದೇನೇ ನನ್ ಬೆನ್ ತಟ್ಟವ್ರೆ. ಮಾತ್ ಕೊಟ್ಮ್ಯಾಕೆ ಅಂಗೆಲ್ಲಾ ಮಾಡಾಕಾಯ್ತದಾ?"

ಕೇಳಿದಿರಾ? ನಿಮ್ಮ ಸಪ್ತಾಹಕ್ಕೆ ಬಂದ ಅಷ್ಟು ಜನರಲ್ಲಿ ನಿಮ್ಮ ಮಾತನ್ನು ಮಾತೆಂದು ನಂಬಿದವನು ಅವನೊಬ್ಬ. ನೀವು ಶಿಕ್ಷೆ ಕೊಟ್ಟದ್ದೂ ಅವನೊಬ್ಬನಿಗೇ.

ಮಧ್ಯಾಹ್ನ ಕುಸ್ತಿ. ಎದುರಾಳಿ ಹೊಸ ಅಗ್ರಹಾರದ ಬಸವರಾಜು. ಗದ್ದೆ ಕೆಸರು ತುಳಿದು ಗಟ್ಟಿಯಾದ ಕಾಲು, ಒಳ್ಳೆಯ ಪಟ್ಟುಗಾರ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಕೈ ಕೊಟ್ಟರು. ಮೊದಲು ಬಸವರಾಜುವಿನದೇ ಮೇಲುಗೈ. ಆಮೇಲೆ ನಮ್ಮವನು ಕುತ್ತಿಗೆಗೆ ಕೈಹಾಕಿ ಅವನನ್ನು ಕೆಳಗೆ ಕೆಡವಿದ. ಬಸವರಾಜು ಅಂಗೈ, ಮೊಣಕಾಲು ಊರಿ ನೆಲ ಕಚ್ಚಿಕೊಂಡ. ಚಿಕ್ಕಬೀರಯ್ಯ ಅವನ ಮೇಲೆ ಕುಳಿತು ಮಗ್ಗುಲು ಹೊರಳಿಸುತ್ತಿದ್ದಾನೆ. ಒಂದು ಭುಜ ಆಗಲೇ ಮಣ್ಣಿಗೆ ತಾಗಿತ್ತು. ಇನ್ನೊಂದು ತಾಗಬೇಕು, ಅಷ್ಟೇ. ಕೈಗೆ ಬಂದ ತುತ್ತು. ನಮ್ಮೂರಿನವರೆಲ್ಲ ಎದ್ದು ನಿಂತಿದ್ದೆವು. ಆಗ ಬಸವರಾಜು ಕೆಳಗಿನಿಂದ ಕೈ ಹಿಂದಕ್ಕೆ ಚಾಚಿ, ಅಭ್ಯಾಸಬಲದಿಂದ, ಕಾಚದ ಪಟ್ಟಿ ಇರಬೇಕಾದ ಜಾಗವನ್ನು ಹಿಡಿದ. ಅಲ್ಲಿ ಪಟ್ಟಿ ಎಲ್ಲಿತ್ತು? ನಿಮ್ಮ ನುಣುಪಾದ ಲಾಡಿ ಇತ್ತು. ಸರ್‍ರನೆ ಬಿಚ್ಚಿತು. ಗಂಜಿ ಹಾಕಿದ ಬಿಳಿ ಚಡ್ಡಿ ತೊಡೆಗೆ ಇಳಿಯಿತು. ಒಳಗೆ ನಿಮ್ಮ ಅಪ್ಪಣೆಯಂತೆ ಏನೂ ಇರಲಿಲ್ಲ.

ಹೆಂಗಸರ ಪರಿವೆ ಇಲ್ಲದ ಗಂಡಸಾಗಿದ್ದರೆ ಎದುರಾಳಿಯನ್ನು ಮೊದಲು ಕೆಡವಿ, ಆಮೇಲೆ ಚಡ್ಡಿ ನೋಡಿಕೊಳ್ಳುತ್ತಿದ್ದ. ಇನ್ನೊಂದು ಉಸಿರಿನ ಕೆಲಸ. ಚಿಕ್ಕಬೀರಯ್ಯ ಗೆಲುವನ್ನು ಬಿಟ್ಟು ಚಡ್ಡಿಯನ್ನು ಹಿಡಿದುಕೊಂಡ. ಎರಡೂ ಕೈಯಿಂದ ಹಿಡಿದು, ಮಣ್ಣಿನಲ್ಲಿ ಮುದುಡಿ ಕುಳಿತ. ಯಾಕೆ? ಮುಂದಿನ ಸಾಲಿನಲ್ಲಿ ತಾಯಂದಿರು ಕುಳಿತಿದ್ದರು, ಅದಕ್ಕೆ. ಸಭ್ಯತೆ ಎಂಬ ಪದವನ್ನು ನಿಮ್ಮ ಸುತ್ತೋಲೆಯಲ್ಲಿ ಎಷ್ಟು ಸಲ ಬರೆದಿದ್ದಿರೋ ನನಗೆ ಗೊತ್ತಿಲ್ಲ. ಆ ಮೈದಾನದಲ್ಲಿ ಅದನ್ನು ಮಾಡಿ ತೋರಿಸಿದವನು ಅವನು.

ಬಸವರಾಜು ಏನು ಮಾಡಿದ ಎಂಬುದನ್ನೂ ಹೇಳಬೇಕು. ಅವನಿಗೆ ಬೇಕಾಗಿದ್ದರೆ ಕೈ ಖಾಲಿ ಇಲ್ಲದವನನ್ನು ಒಂದು ಬೆರಳಿನಿಂದ ಮಲಗಿಸಬಹುದಾಗಿತ್ತು. ಅವನು ಎದ್ದು ಓಡಿ, ಅಖಾಡದ ಅಂಚಿನಲ್ಲಿದ್ದ ತನ್ನ ಟವಲು ತಂದು ಚಿಕ್ಕಬೀರಯ್ಯನ ಸೊಂಟಕ್ಕೆ ಸುತ್ತಿದ. "ಏಳ್ಬ್ಯಾಡ ಕಣಣ್ಣ, ಅಂಗೇ ಕೂತ್ಕೊ" ಎಂದು ಹೆಂಗಸರ ಕಡೆಗೆ ಬೆನ್ನು ಮಾಡಿ ಅಡ್ಡ ನಿಂತ. ಆಮೇಲೆ ನಿಮ್ಮ ಕಡೆ ತಿರುಗಿ ಕೂಗಿ ಕೇಳಿದ, "ಸೋಮೀ, ಅವ್ರ ಕಾಚ ಅವ್ರು ಕಟ್ಕಂಡ್ ಬರ್ಲಿ. ನಾನ್ ಕಾಯ್ತೀನಿ." ಎಂಥ ಮಾತು! ಆ ಒಂದು ಮಾತಿಗೆ ನಿಮ್ಮ ಸಪ್ತಾಹದ ಬಹುಮಾನದ ಕಪ್ಪುಗಳನ್ನೆಲ್ಲ ಸುರಿದರೂ ಕಡಿಮೆ. ನೀವು ಕುರ್ಚಿಯಿಂದ ಏಳಲಿಲ್ಲ. "ಉಡುಪು ಸಡಿಲವಾದವನು ಸೋತಂತೆ. ನಿಯಮ" ಎಂದು ಸೀಟಿ ಊದಿದಿರಿ.

ಯಾವ ನಿಯಮ, ಸ್ವಾಮಿ? ನಮ್ಮ ಗರಡಿಗಳಲ್ಲಿ ಇರುವುದು ಒಂದೇ ನಿಯಮ. ಬೆನ್ನಿಗೆ ಮಣ್ಣು ತಾಗಿದವನು ಸೋತವನು. ಕೈ ಮುರಿಯಲಿ, ಮೂಗು ಒಡೆಯಲಿ, ಮಳೆ ಬರಲಿ, ದೊರೆ ಎದ್ದು ಹೋಗಲಿ, ಬೆನ್ನು ಮಣ್ಣು ನೋಡದೆ ಸೋಲಿಲ್ಲ. ಆ ನಿಯಮಕ್ಕೆ ಸೀಟಿ ಬೇಡ, ಅಂಕ ಬೇಡ, ಉಪಸಮಿತಿ ಬೇಡ. ಎದ್ದು ನಿಂತವನ ಬೆನ್ನಿನ ಮೇಲೆ ಕೈಯಾಡಿಸಿದರೆ ಕುರುಡನಿಗೂ ಗೊತ್ತಾಗುತ್ತದೆ. ಬಸವರಾಜು ಅದನ್ನೇ ಹೇಳಿದ. ಹಿತ್ತಾಳೆ ತಟ್ಟೆಯಲ್ಲಿ ಹೂವಿನ ನಡುವೆ ಕಪ್ಪನ್ನೂ, ಅದರ ಪಕ್ಕದಲ್ಲಿ ಮಡಿಸಿದ ಇನ್ನೊಂದು ಬಿಳಿ ಚಡ್ಡಿಯನ್ನೂ ಇಟ್ಟು ನೀವು ಬಹುಮಾನವೆಂದು ನೀಡಿದಾಗ, "ಮೊದ್ಲು ಅವ್ರ್ ಬೆನ್ನಾಗೆ ಮಣ್ ತೋರ್ಸಿ ಸೋಮಿ, ಆಮ್ಯಾಕೆ ಕಪ್ ಕೊಡಿ" ಎಂದು ತಟ್ಟೆಯನ್ನು ನೆಲದ ಮೇಲಿಟ್ಟು ಹೊರಟುಹೋದ. ನೀವು ಅದನ್ನು ಅವಿಧೇಯತೆ ಎಂದು ಗೊಣಗಿದಿರಿ. ಹಳ್ಳಿಯವರು ಅದನ್ನು ಗಂಡಸುತನ ಎನ್ನುತ್ತಾರೆ.

ಹೆಂಗಸರಿಗೆ ಅವಮಾನವಾಯಿತು ಎಂದು ನೀವು ಧ್ವನಿವರ್ಧಕದಲ್ಲಿ ಹೇಳಿದಿರಲ್ಲ, ಅದನ್ನು ಯಾವ ಹೆಂಗಸನ್ನು ಕೇಳಿ ಹೇಳಿದಿರಿ? ನನ್ನ ಸುಂದ್ರಮ್ಮನೂ ಅಲ್ಲೇ ಇದ್ದಳು. ಗಾಡಿಯಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ಅವಳು ನಿಮ್ಮನ್ನು ಬೈದ ಬೈಗುಳ ಬರೆದರೆ ಈ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಹಾಕಬಹುದಾದ ಒಂದು ಮಾತು ಇಲ್ಲಿದೆ: "ಅಲ್ಲಾ ಕಣ್ರೀ, ಗಂಡಸ್ರ ಕಾಚ ಕಂಡು ಕಣ್ ಮುಚ್ಕೊಳ್ಳೋಕೆ ನಾವೇನು ಕಾಣ್ದೋರಾ? ಬೆಳಗಾದ್ರೆ ಕೆರೆ ಕಲ್ಮೇಲೆ ಅದನ್ನ ಕುಕ್ಕಿ ಕುಕ್ಕಿ ಒಗೆಯೋರು ಯಾರಂತೆ? ಆ ಸಾಹೇಬ್ರಾ?" ಇದಕ್ಕೆ ನಿಮ್ಮ ಉಪಸಮಿತಿ ಏನು ಉತ್ತರ ಕೊಡುತ್ತದೋ ಕೊಡಲಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈ ಪತ್ರ ಬರೆಯುತ್ತಿರುವುದು ನಗುವುದಕ್ಕಲ್ಲ. ಹಾರನಹಳ್ಳಿಯ ಸಂತೆಯಲ್ಲಿ ಚಿಕ್ಕಬೀರಯ್ಯ ನಡೆದು ಹೋದರೆ, ಟೀ ಅಂಗಡಿಯ ಮುಂದೆ ಕುಳಿತ ಸೋಮಾರಿಗಳು ಎರಡೂ ಕೈಯಿಂದ ತಮ್ಮ ಸೊಂಟ ಹಿಡಿದುಕೊಂಡು ತೋರಿಸುತ್ತಾರೆ. ಎತ್ತು ಹೂಡಿದ ಗಾಡಿಯನ್ನು ಕೆಸರಿನಿಂದ ಒಬ್ಬನೇ ಎತ್ತಿ ನಿಲ್ಲಿಸಿದ ಗಂಡಸು ತಲೆ ತಗ್ಗಿಸಿಕೊಂಡು ಹಿತ್ತಲ ಓಣಿಯಲ್ಲಿ ಮನೆ ಸೇರುತ್ತಾನೆ. ದೊಡ್ಡತಾಯಮ್ಮ ಬಾವಿಕಟ್ಟೆಗೆ ಬರುವುದನ್ನು ಬಿಟ್ಟಿದ್ದಾಳೆ.

ಅದಕ್ಕಿಂತ ದೊಡ್ಡದು ಗರಡಿಯ ವಿಚಾರ. ಉಸ್ತಾದ್ ನಂಜಣ್ಣನವರ ಮೊಣಕಾಲು ಹೋಗಿದೆ. ಬರುವ ಶಿವರಾತ್ರಿಗೆ ಗರಡಿಯನ್ನು ಚಿಕ್ಕಬೀರಯ್ಯನ ಕೈಗೆ ಒಪ್ಪಿಸುವುದೆಂದು ಊರೇ ಒಪ್ಪಿತ್ತು. ನಮ್ಮ ಗರಡಿಯಲ್ಲಿ ಒಪ್ಪಿಸುವುದೆಂದರೆ ಭಾಷಣವಲ್ಲ, ಹಾರವಲ್ಲ. ಉಸ್ತಾದರು ಗುದ್ದಲಿ ಕೊಡುತ್ತಾರೆ, ಹೊಸಬ ಮಟ್ಟಿಯನ್ನು, ಎಂದರೆ ಕುಸ್ತಿ ಆಡುವ ಕೆಮ್ಮಣ್ಣನ್ನು, ಅಗೆದು ಹದ ಮಾಡುತ್ತಾನೆ. ಸೋತವನೂ ಅಗೆಯಬಹುದು, ಸೋಲಿನಲ್ಲಿ ನಾಚಿಕೆ ಇಲ್ಲ. ಆದರೆ ಸೋಲೋ ಗೆಲುವೋ ಎಂಬ ತಕರಾರು ಮೈಮೇಲಿರುವವನು ಅದು ತೀರುವವರೆಗೆ ಗುದ್ದಲಿ ಮುಟ್ಟುವಂತಿಲ್ಲ. ತಲೆತಲಾಂತರದಿಂದ ಬಂದ ಕಟ್ಟು. ನಂಜಣ್ಣನವರೇ ಅದನ್ನು ಮುರಿಯಲು ಸಿದ್ಧರಾದರು. "ಬಾರ್ಲಾ ಮಗ, ತಕೋ ಗುದ್ಲಿ. ನೀನು ಸೋತಿಲ್ಲ ಅಂತ ನಾನ್ ಕಂಡಿವ್ನಿ, ಸಾಲ್ದಾ?" ಎಂದರು. ಚಿಕ್ಕಬೀರಯ್ಯ ಹೊರಗಿನ ಜಗಲಿಯಿಂದ ಏಳಲಿಲ್ಲ. "ಸೋತಿದ್ರೆ ಸೋತೋನು ಅಂತಾನೇ ಗುದ್ಲಿ ಇಡೀತಿದ್ದೆ ಉಸ್ತಾದ್ರೇ. ಸೋಲ್ದೆ ಇರೋನ್ನ ಸೋತ ಅಂದವ್ರೆ. ಈಗ ಇಡುದ್ರೆ ಊಂ ಅಂದಂಗಾಯ್ತದೆ" ಎಂದ. ಅವನು ದಿನವೂ ಬೆಳಿಗ್ಗೆ ಬಂದು ಆ ಜಗಲಿಯ ಮೇಲೆ ಕುಳಿತು ಹೋಗುತ್ತಾನೆ. ಒಳಗೆ ಕಾಲಿಡುವುದಿಲ್ಲ. ಮಟ್ಟಿ ಗಟ್ಟಿಯಾಗಿ ಬಿರುಕು ಬಿಡುತ್ತಿದೆ.

ಅವನನ್ನು ಕರೆದುಕೊಂಡು ನಾನು ನಿಮ್ಮ ಕಚೇರಿಗೆ ಬಂದದ್ದು ನಿಮಗೆ ಗೊತ್ತು. ಬಹಳ ಹೊತ್ತು ಕಾಯಿಸಿ ಒಳಗೆ ಕರೆದಿರಿ. ಉದಾರವಾಗಿ ಒಂದು ದಾರಿಯನ್ನೂ ತೋರಿಸಿದಿರಿ. "ಸಭ್ಯತೆಗೆ ಭಂಗವಾದದ್ದಕ್ಕೆ ಕ್ಷಮೆ ಕೇಳಿ, ಸೋಲನ್ನು ಒಪ್ಪಿದ್ದೇನೆ ಎಂದು ಬರೆದುಕೊಡಲಿ. ನಿಷೇಧ ತೆಗೆದುಬಿಡೋಣ. ನಾನೇನು ಕಟುಕನೇ?" ಎಂದಿರಿ. ಅವನು ಕೈಕಟ್ಟಿಕೊಂಡೇ ಹೇಳಿದ, "ತಪ್ಪಾಯ್ತು ಅಂತ ಎಷ್ಟ್ ಸಲ ಬೇಕಾದ್ರೂ ಅಂತೀನಿ ಸೋಮಿ. ತಾಯ್ದೀರ ಮುಂದೆ ಅಂಗಾಯ್ತಲ್ಲ ಅಂತ ನಂಗೂ ಸಂಕ್ಟ ಐತೆ. ಸೋತೆ ಅಂತ ಮಾತ್ರ ಅನ್ನಾಕಿಲ್ಲ. ನನ್ ಬೆನ್ನು ಮಣ್ ಮುಟ್ಟಿಲ್ಲ." ನೀವು ಗಡಿಯಾರ ನೋಡಿದಿರಿ. ನಾವು ಎದ್ದು ಬಂದೆವು. ಕಚೇರಿಯಲ್ಲಿ ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಿಮ್ಮಿಂದ ನಮಗೆ ಕಪ್ಪು ಬೇಡ. ಕ್ಷಮಾಪಣೆಯೂ ಬೇಡ, ಅದನ್ನು ಬೇರೆ ಯಾರಿಗಾದರೂ ಇಟ್ಟುಕೊಂಡಿರಿ. ಮರುಪಂದ್ಯವನ್ನೂ ಕೇಳುವುದಿಲ್ಲ. ಅದನ್ನು ಎರಡು ಗರಡಿಯವರು ಕುಳಿತು ಮಾತಾಡಿಕೊಳ್ಳುತ್ತಾರೆ, ಅವರವರ ಕಾಚದಲ್ಲಿ ಆಡಿಕೊಳ್ಳುತ್ತಾರೆ. ನಿಮ್ಮಿಂದ ಬೇಕಾಗಿರುವುದು ಒಂದು ಮಾತು. ಸೋತನೆಂದು ಸಾರಿದ ಬಾಯಿಂದಲೇ, ನಾಲ್ಕು ಜನ ಕೇಳುವ ಹಾಗೆ, ಚಿಕ್ಕಬೀರಯ್ಯನ ಬೆನ್ನಿಗೆ ಮಣ್ಣು ತಾಗಿರಲಿಲ್ಲ ಎಂದು ಹೇಳಿ. ಅಷ್ಟು ಹೇಳಿದರೆ ತಕರಾರು ತೀರುತ್ತದೆ, ಅವನು ಗುದ್ದಲಿ ಹಿಡಿಯುತ್ತಾನೆ. ಕಂಡ ಸತ್ಯ ಹೇಳುವುದಕ್ಕೆ ಮೇಲಿನವರ ಮಂಜೂರಾತಿ ಬೇಕೆಂದು ನೀವು ಹೇಳುವುದಿಲ್ಲವೆಂದು ನಂಬಿದ್ದೇನೆ.

ಬರುವ ಸೋಮವಾರ ಬೆಳಿಗ್ಗೆ ಹಾರನಹಳ್ಳಿ ಗರಡಿಗೆ ಬನ್ನಿ. ಹೊಸ ಅಗ್ರಹಾರದಿಂದ ಬಸವರಾಜು ಹೇಳಿ ಕಳಿಸಿದ್ದಾನೆ, ಅವನೂ ಬರುತ್ತಾನಂತೆ. ಅವನ ಕಡೆ ನಾಟಿಯ ಕಾಲ, ಎತ್ತು ಗಾಡಿ ಬಿಡುವಿಲ್ಲ. ಚುಂಚನಕಟ್ಟೆಯ ಹತ್ತಿರ ಹೊಳೆ ದಾಟಿ, ಗೆದ್ದವನೆಂದು ನೀವು ಸಾರಿದ ಆ ಮನುಷ್ಯ, ತಾನು ಗೆಲ್ಲಲಿಲ್ಲ ಎಂದು ಊರ ಮುಂದೆ ಹೇಳುವುದಕ್ಕೆ ನಡೆದುಕೊಂಡು ಬರುತ್ತಿದ್ದಾನೆ. ನಿಮಗೆ ಜೀಪು ಇದೆ.

ಇಂತಿ,
ನೀವು ಬರುತ್ತೀರೆಂಬ ಭ್ರಮೆ ಇಲ್ಲದಿದ್ದರೂ, ಸೋಮವಾರ ಅಂಗಡಿ ಬಾಗಿಲು ಹಾಕಿಕೊಂಡು ದಾರಿ ಕಾಯಲಿರುವ ಮೂಢ,
ಗುರುಮಲ್ಲಪ್ಪ
ಬಟ್ಟೆ ವ್ಯಾಪಾರಿ, ಹಾರನಹಳ್ಳಿ